ಹಳೆ 17 ಅಡಿ ಫೈಬರ್ ದೋಣಿಗೆ ಎಷ್ಟು ಎಚ್‌ಪಿ ಇಂಜಿನ್ ಹಾಕಿದರೆ ಪೆಟ್ರೋಲ್ ಉಳಿದೀತು?

ಚಂದ್ರಗಿರಿ ದಡ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಕಾಸರಗೋಡಿನ ಚೆಮ್ನಾಡು ಹತ್ತಿರ, ಹಿತ್ತಿಲು ಇಳಿದರೆ ಚಂದ್ರಗಿರಿ ಹೊಳೆ. ಹಳೆಯ ಒಂದು ಫೈಬರ್ ದೋಣಿ ಸಿಕ್ಕಿದೆ. 17 ಅಡಿ ಉದ್ದ, ನಡುವಿನ ಅಗಲ 6 ಅಡಿ, ತಳ ಸ್ವಲ್ಪ ವಿ ಆಕಾರ, ಒಳಗೆ ಎರಡು ಅಡ್ಡ ಬೆಂಚು. ಖಾಲಿ ದೋಣಿಯ ತೂಕ 380 ಕೆಜಿ ಅಂತ ಕಾಗದದಲ್ಲಿ ಉಂಟು. ಜೊತೆಗೆ ಬಂದ 40 ಎಚ್‌ಪಿ ಟೂಸ್ಟ್ರೋಕ್ ಇಂಜಿನ್ ಜಾಮ್ ಆಗಿ ಕೂತಿದೆ, ಅದಕ್ಕೆ ಇನ್ನು ದುಡ್ಡು ಹಾಕುವ ಯೋಚನೆ ಇಲ್ಲ.

ದೋಣಿಯಲ್ಲಿ ಹೋಗುವವರು ನಾನು, ಹೆಂಡತಿ, ಇಬ್ಬರು ಮಕ್ಕಳು, ಅಮ್ಮ. ಭಾನುವಾರ ಸಂಜೆ ತೆಕ್ಕಿಲ್ ಸೇತುವೆಯವರೆಗೆ ಹೋಗಿ ಬರುವುದು. ಅಮ್ಮನ ತವರು ಹೊಳೆಯ ಆಚೆ, ಮುಳಿಯಾರು ಕಡೆ. ಅಲ್ಲಿಗೆ ಆಗಾಗ ಕರ್ಕೊಂಡು ಹೋಗುವುದು. ರಜೆಯಲ್ಲಿ ಒಮ್ಮೊಮ್ಮೆ ಕೆಳಗೆ ತಳಂಗರೆ, ಕೀಳೂರು ತನಕ. ಕಡಲಿಗೆ ಇಳಿಯುವ ಆಸೆ ಇಲ್ಲ.

ಅಂಗಡಿಯವರು 40ಕ್ಕಿಂತ ಕಡಿಮೆ ಬೇಡ ಅಂತಾರೆ. ಭಾವ 9.9 ಧಾರಾಳ ಸಾಕು ಅಂತಾರೆ. 20 ಅಥವಾ 25 ತಗೊಂಡ್ರೆ ಎರಡೂ ಕಡೆಯ ಲಾಭ ಸಿಗಬಹುದು ಅಂತ ನನಗೆ ಅನ್ನಿಸ್ತದೆ. ಇಂಜಿನಿನ ಕ್ರಯ ಒಂದು ಸಲದ್ದು, ಪೆಟ್ರೋಲ್ ಪ್ರತಿ ವಾರದ್ದು. ಹಾಗಾಗಿ ಖರ್ಚು ಕಡಿಮೆ ಬರುವುದು ಯಾವುದು ಅಂತ ತಿಳಿದವರು ಬಿಡಿಸಿ ಹೇಳಿ.

ಹೊಸಬೆಟ್ಟು ಕಡಲು

40 ಹಾಕಿ. ನಾವು ಮಂಜೇಶ್ವರದಿಂದ ಕಡಲಿಗೆ ಹೋಗುವವರು, ಇಂಜಿನಿನಲ್ಲಿ ಸ್ವಲ್ಪ ಕೈಬಾಕಿ ಇರಬೇಕು ಅನ್ನುವುದು ನಮ್ಮ ಲೆಕ್ಕ. ಅಳಿವೆ ಹತ್ತಿರ ಇಳಿತದ ನೀರು ಎಳೆಯುವಾಗ ಸಣ್ಣ ಇಂಜಿನ್ ಕೂಗ್ತದೆ, ದೋಣಿ ಮಾತ್ರ ನಿಂತಲ್ಲೇ ನಿಂತಿರ್ತದೆ. ಮನೆಯವರನ್ನು ಕೂರಿಸಿಕೊಂಡು ಹೋಗುವವರು ಪೆಟ್ರೋಲ್ ಲೆಕ್ಕ ಆಮೇಲೆ ನೋಡಬೇಕು.

ಕುಂಬಳೆ ಸೀಮೆ

ಸೀಮೆಎಣ್ಣೆ ಇಂಜಿನ್ ತಗೊಳ್ಳಿ ಮಾರಾಯ್ರೆ. ಶಿರಿಯ ಹೊಳೆಯಲ್ಲಿ ಎಲ್ಲರದ್ದೂ ಅದೇ. ಪೆಟ್ರೋಲಿಗಿಂತ ಎಷ್ಟೋ ಕಡಿಮೆ ಆಗ್ತದೆ.

ಹೊಸಬೆಟ್ಟು ಕಡಲು

ಅಗ್ಗ ಆಗುವುದು ನಮಗೆ, ಅವರಿಗಲ್ಲ. ಸರಕಾರದ ಸೀಮೆಎಣ್ಣೆ ಪರ್ಮಿಟ್ ಸಿಗುವುದು ಮೀನುಗಾರಿಕೆಗೆ ನೋಂದಣಿಯಾದ ದೋಣಿಗೆ, ಅದೂ ಇಂಜಿನ್ ಪರಿಶೀಲನೆ ಆದ ಮೇಲೆ. ಪರ್ಮಿಟ್ ಇಲ್ಲದೆ ಹೊರಗಿನ ದರದಲ್ಲಿ ತಗೊಂಡ್ರೆ ಉಳಿತಾಯ ಎಲ್ಲಿ? ಪರ್ಮಿಟ್ ಇರುವ ನಮಗೇ ಸಿಗುವ ಎಣ್ಣೆ ಸಾಲುವುದಿಲ್ಲ. ಮತ್ತೆ ಅದನ್ನು ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸಬೇಕು. ನಿಲ್ಲಿಸುವ ಮೊದಲು ಪುನಃ ಪೆಟ್ರೋಲಿಗೆ ತರಬೇಕು. ಪ್ಲಗ್ ಕರಿ ಹಿಡಿಯುವುದು ದಿನದ ಕೆಲಸ. ಆ ಹೊಗೆಯಲ್ಲಿ ಅಮ್ಮನನ್ನೂ ಮಕ್ಕಳನ್ನೂ ಕೂರಿಸುವುದು ಬೇಡ. ದುಡಿಯುವ ದೋಣಿಗೆ ಅದು ಸರಿ, ಮನೆ ದೋಣಿಗೆ ಆಗುವುದಿಲ್ಲ.

ಪಯಸ್ವಿನಿ ಬೋಟ್‌ಶೆಡ್

ನಾನು ಕೊಚ್ಚಿಯಲ್ಲಿ ಫೈಬರ್ ದೋಣಿ ಕಟ್ಟುವ ಯಾರ್ಡಿನಲ್ಲಿ ಕೆಲಸ ಮಾಡಿ ಈಗ ಊರಿಗೆ ಬಂದವನು. ಎಲ್ಲರೂ ಮೊದಲು ಕೇಳುವುದು ಎಷ್ಟು ಎಚ್‌ಪಿ ಅಂತ. ಅದಕ್ಕಿಂತ ಮೊದಲು ಕೇಳಬೇಕಾದದ್ದು, ಎಷ್ಟು ವೇಗದಲ್ಲಿ ಹೋಗಬೇಕು ಅಂತ. ಪೆಟ್ರೋಲ್ ಖರ್ಚನ್ನು ತೀರ್ಮಾನಿಸುವುದು ವೇಗ. ಇಂಜಿನಿನ ಮೇಲೆ ಬರೆದ ನಂಬರ್ ಆಮೇಲಿನ ಮಾತು.

ದೋಣಿ ಎರಡು ರೀತಿಯಲ್ಲಿ ಓಡ್ತದೆ. ನಿಧಾನಕ್ಕೆ ಹೋಗುವಾಗ ನೀರನ್ನು ಬದಿಗೆ ಸರಿಸಿಕೊಂಡು ಹೋಗ್ತದೆ. ಹೀಗೆ ಹೋಗುವ ದೋಣಿಗೆ ಒಂದು ಮಿತಿ ಉಂಟು. ನೀರಿಗೆ ತಾಗುವ ಉದ್ದವನ್ನು ಅಡಿಯಲ್ಲಿ ತಗೊಂಡು, ಅದರ ವರ್ಗಮೂಲವನ್ನು 1.34ರಿಂದ ಗುಣಿಸಿದರೆ ಆ ಮಿತಿ ನಾಟ್ ಲೆಕ್ಕದಲ್ಲಿ ಬರ್ತದೆ. ನಿಮ್ಮ 17 ಅಡಿಯಲ್ಲಿ ನೀರಿಗೆ ತಾಗುವುದು ಹದಿನೈದೂವರೆ ಅಡಿ ಅಂತ ಇಟ್ಟುಕೊಂಡರೆ 5.3 ನಾಟ್, ಅಂದರೆ ಗಂಟೆಗೆ ಹತ್ತು ಕಿಲೋಮೀಟರಿಗೆ ಸ್ವಲ್ಪ ಕಡಿಮೆ. ಅಲ್ಲಿಯ ತನಕ ಬೇಕಾಗುವ ಶಕ್ತಿ ತೀರಾ ಕಮ್ಮಿ. ತುಂಬಿದ ದೋಣಿಯ ಪ್ರತಿ 225 ಕೆಜಿಗೆ ಪ್ರೊಪೆಲ್ಲರಿನಲ್ಲಿ ಸುಮಾರು ಒಂದು ಎಚ್‌ಪಿ ಸಿಕ್ಕಿದರೆ ಸಾಕು ಅನ್ನುವುದು ಯಾರ್ಡುಗಳಲ್ಲಿ ನಡೆಯುವ ಅಂದಾಜು. ನಿಮ್ಮದು ದೋಣಿ 380, ಇಂಜಿನ್ 45, ಐದು ಜನಕ್ಕೆ 300, ಪೆಟ್ರೋಲ್, ಲಂಗರು, ಬುತ್ತಿ ಎಲ್ಲ ಸೇರಿ ಇನ್ನೊಂದು 80 ಅಂತ ಹಿಡಿದರೆ 805 ಕೆಜಿ. ಅಲ್ಲಿಗೆ ನಾಲ್ಕು ಎಚ್‌ಪಿ ಒಳಗೇ ಮುಗೀತು.

ಎರಡನೇ ರೀತಿ ಅಂದರೆ ದೋಣಿ ನೀರಿನ ಮೇಲಕ್ಕೆ ಎದ್ದು ಜಾರುವುದು. ಅದಕ್ಕೆ ಪ್ರತಿ 20 ಕೆಜಿಗೆ ಒಂದು ಎಚ್‌ಪಿ ಇದ್ದರೆ ನೆಮ್ಮದಿ, 25ರಿಂದ 30 ಕೆಜಿ ಆದರೆ ಕಷ್ಟಪಟ್ಟು ಏಳ್ತದೆ. ನಿಮ್ಮ 805 ಕೆಜಿಗೆ ಲೆಕ್ಕ ಹಾಕಿ, 40 ಎಚ್‌ಪಿ ಬಂತು. ಅಂಗಡಿಯವರು ಹೇಳಿದ್ದು ಇದನ್ನೇ. ಅವರ ಲೆಕ್ಕ ತಪ್ಪಲ್ಲ. ಆದರೆ ನಿಮಗೆ ಹಾರಿಕೊಂಡು ಹೋಗಬೇಕು ಅನ್ನುವುದನ್ನು ನೀವು ಹೇಳದೆ ಅವರೇ ತೀರ್ಮಾನ ಮಾಡಿದ್ದಾರೆ.

ಈ ಎರಡು ಸ್ಥಿತಿಗಳ ನಡುವೆ, ಗಂಟೆಗೆ ಸುಮಾರು 11ರಿಂದ 18 ಕಿಲೋಮೀಟರ್ ವೇಗದಲ್ಲಿ ಒಂದು ಕೆಟ್ಟ ಜಾಗ ಉಂಟು. ಮೂತಿ ಆಕಾಶ ನೋಡ್ತದೆ, ಹಿಂಬದಿ ಹೂತು ಹೋಗ್ತದೆ, ಹಿಂದೆ ದೊಡ್ಡ ಅಲೆ ಏಳ್ತದೆ. ದೋಣಿ ತಾನೇ ಎಬ್ಬಿಸಿದ ಅಲೆಯನ್ನು ತಾನೇ ಹತ್ತಲಿಕ್ಕೆ ನೋಡ್ತಾ ಇರ್ತದೆ, ತುಂಬಿದ ಲಾರಿ ಎರಡನೇ ಗೇರಿನಲ್ಲಿ ಘಾಟಿ ಹತ್ತಿದ ಹಾಗೆ. ಪ್ರತಿ ಕಿಲೋಮೀಟರಿಗೆ ಅತಿ ಹೆಚ್ಚು ಪೆಟ್ರೋಲ್ ಉರಿಯುವುದು ಇಲ್ಲಿ. ಐದು ಜನ ಕೂತ ನಿಮ್ಮ ದೋಣಿಗೆ 20 ಹಾಕಿದರೆ, ಪೂರ್ತಿ ಎಕ್ಸಲರೇಟರ್ ಕೊಟ್ಟಾಗ ಅದು ಬಂದು ನಿಲ್ಲುವುದು ಸರಿಯಾಗಿ ಇದೇ ಜಾಗದಲ್ಲಿ. 25 ಆದರೆ ಇಬ್ಬರೇ ಇದ್ದಾಗ ಏಳ್ತದೆ, ಮನೆಮಂದಿ ಎಲ್ಲ ಕೂತಾಗ ಒದ್ದಾಡ್ತದೆ. ಎರಡೂ ಕಡೆಯ ಲಾಭ ಸಿಗ್ತದೆ ಅಂತ ನೀವು ಎಣಿಸಿದ ಆ ನಡುವಿನ ಅಳತೆಯಲ್ಲಿ, ಇಂಜಿನ್ ಪೂರ್ತಿ ಬಿಟ್ಟು ಓಡಿಸಿದರೆ, ಎರಡೂ ಕಡೆಯ ನಷ್ಟ ಸಿಗ್ತದೆ.

ಚಂದ್ರಗಿರಿ ದಡ

ಇಷ್ಟು ವಿವರವಾಗಿ ಯಾರೂ ಹೇಳಿರಲಿಲ್ಲ, ತುಂಬ ಉಪಕಾರ ಆಯ್ತು. ಒಂದು ಸಂಶಯ. 40 ಹಾಕಿಸಿ ನಿಧಾನಕ್ಕೆ ಓಡಿಸಿದರೆ? ಬೇಕಾದಾಗ ಶಕ್ತಿ ಇರ್ತದೆ, ಬೇಡದಾಗ ಪೆಟ್ರೋಲ್ ಉಳೀತದೆ. ಆಗದಾ?

ಪಯಸ್ವಿನಿ ಬೋಟ್‌ಶೆಡ್

ಆಗ್ತದೆ, ಆದರೆ ಅದಕ್ಕೂ ಬೆಲೆ ಉಂಟು. ಫೋರ್‌ಸ್ಟ್ರೋಕ್ ಇಂಜಿನ್ ಪೂರ್ತಿ ದುಡಿಯುವಾಗ ಒಂದು ಎಚ್‌ಪಿಗೆ ಗಂಟೆಗೆ ಸುಮಾರು 0.35 ಲೀಟರ್ ಕುಡೀತದೆ ಅಂತ ಹಿಡಿಯಿರಿ. ನಿಮ್ಮ ದೋಣಿಗೆ ಹಾಕಿ ನೋಡುವಾ, ಎಲ್ಲ ಅಂದಾಜು ಲೆಕ್ಕ.

9.9 ಹಾಕಿ ಗಂಟೆಗೆ 9 ಕಿಲೋಮೀಟರ್ ಹೋದರೆ ಒಂದೂವರೆಯಿಂದ ಎರಡು ಲೀಟರ್, ಅಂದರೆ ಲೀಟರಿಗೆ 5 ಕಿಲೋಮೀಟರ್ ಆಸುಪಾಸು. 40 ಹಾಕಿ ಅದೇ 9ರಲ್ಲಿ ಹೋದರೆ ಎರಡರಿಂದ ಎರಡೂವರೆ ಲೀಟರ್. ದೊಡ್ಡ ಇಂಜಿನಿಗೆ ತನ್ನೊಳಗಿನ ಪಿಸ್ಟನ್, ಗೇರು ತಿರುಗಿಸಲಿಕ್ಕೇ ಒಂದಿಷ್ಟು ಬೇಕು. ಹಾಗಾಗಿ ಲೀಟರಿಗೆ 4 ಕಿಲೋಮೀಟರ್ ಸಿಕ್ಕಿದರೆ ಪುಣ್ಯ. 40 ಹಾಕಿ ಎದ್ದು 28ರಿಂದ 30ರ ವೇಗದಲ್ಲಿ ಹೋದರೆ ಗಂಟೆಗೆ ಹತ್ತು ಲೀಟರ್, ಲೀಟರಿಗೆ 3 ಕಿಲೋಮೀಟರ್. ಇದು ಅಂಥ ಕೆಟ್ಟದ್ದಲ್ಲ, ನೋಡಿ. ದೂರ ಹೋಗಬೇಕಾದವರಿಗೆ ಸಮಯ ಉಳೀತದೆ. 20 ಹಾಕಿ ಪೂರ್ತಿ ಬಿಟ್ಟು 13ರಲ್ಲಿ ಒದ್ದಾಡಿದರೆ ಗಂಟೆಗೆ ಏಳು ಲೀಟರ್, ಲೀಟರಿಗೆ 2 ಕಿಲೋಮೀಟರೂ ಬರುವುದಿಲ್ಲ.

ಇನ್ನೊಂದು ವಿಷಯ ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ಕೆಲವು ಕಂಪನಿಗಳಲ್ಲಿ 9.9, 15, 20 ಮೂರೂ ಒಂದೇ ಬ್ಲಾಕ್, ಅಂದರೆ ಇಂಜಿನಿನ ಒಡಲು ಒಂದೇ. ಸುಜುಕಿಯ ಡಿಎಫ್ 9.9ಬಿ, 15ಎ, 20ಎ ಮೂರಕ್ಕೂ 327 ಸಿಸಿ, ತೂಕವೂ 44 ಕೆಜಿ ಹತ್ತಿರ. ಅಂಥ ಇಂಜಿನ್‌ಗಳಲ್ಲಿ 9 ಕಿಲೋಮೀಟರ್ ವೇಗಕ್ಕೆ 9.9 ಎಷ್ಟು ಕುಡೀತದೋ 20 ಕೂಡ ಹೆಚ್ಚು ಕಮ್ಮಿ ಅಷ್ಟೇ ಕುಡೀತದೆ. ಹಾಗಾಗಿ ಒಳ್ಳೆ ಸ್ಥಿತಿಯ 15 ಅಥವಾ 20 ಸಿಕ್ಕಿದರೆ ಎಚ್‌ಪಿ ಜಾಸ್ತಿ ಆಯ್ತು ಅಂತ ಬಿಡಬೇಕಾಗಿಲ್ಲ. ಎಕ್ಸಲರೇಟರ್ ಮೇಲಿನ ಕೈ ಮಾತ್ರ ನಿಮ್ಮ ಹಿಡಿತದಲ್ಲಿರಬೇಕು. ಯಮಹಾದ ಎಫ್ 9.9 ಬೇರೆ, ಅದು 212 ಸಿಸಿಯ ಸಣ್ಣ ಬ್ಲಾಕ್, ತೂಕವೂ ಸ್ವಲ್ಪ ಕಡಿಮೆ.

ನೀವು ಹೇಳಿದ ಓಡಾಟ ತೆಕ್ಕಿಲ್ಲಿಗೆ ಹೋಗಿ ಬರುವುದು, ಹದಿನೈದು ಕಿಲೋಮೀಟರ್ ಒಳಗೆ. 9ರ ವೇಗದಲ್ಲಿ ಮೂರು ಲೀಟರ್. ಅದನ್ನೇ ಹಾರಿಸಿಕೊಂಡು ಅರ್ಧ ಗಂಟೆಯಲ್ಲಿ ಮುಗಿಸಿದರೆ ಐದು ಲೀಟರ್. ಸಂಜೆ ಹೊಳೆಯಲ್ಲಿ ಕೂರಲಿಕ್ಕೆಂದೇ ಹೋಗುವವರಿಗೆ ಅರ್ಧ ಗಂಟೆಯಲ್ಲಿ ಮುಗಿಸುವ ಅವಸರ ಎಂತದಕ್ಕೆ?

ಮೊಗ್ರಾಲ್ ಮೆಕ್ಯಾನಿಕ್

ಲೆಕ್ಕ ಎಲ್ಲ ಸರಿ. ಆದರೆ ದೋಣಿ ಹಳೆಯದು ಅಂದ ಮೇಲೆ 380 ಕೆಜಿ ಅನ್ನುವ ಕಾಗದವನ್ನು ನಂಬಬೇಡಿ. ಹಳೆ ಫೈಬರ್ ದೋಣಿಗಳಲ್ಲಿ ಒಳಗಿನ ಹಾಸಿನ ಕೆಳಗೆ ತೇಲಲಿಕ್ಕೆ ಫೋಮ್ ತುಂಬಿರ್ತಾರೆ. ಸ್ಕ್ರೂ ಹಾಕಿದ ತೂತುಗಳಿಂದ ಮಳೆನೀರು ಇಳಿದು ಫೋಮ್ ನೀರು ಕುಡಿದಿರ್ತದೆ. ಹೊರಗಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಪಿಕಪ್ಪಿನಲ್ಲಿ ಹಾಕಿ ವೇ ಬ್ರಿಡ್ಜಿಗೆ ಹೋಗಿ, ಮೊದಲು ದೋಣಿ ಸಮೇತ, ಮತ್ತೆ ಖಾಲಿ ಪಿಕಪ್ ತೂಕ ಮಾಡಿಸಿ. ಇಂಜಿನ್ ಎಷ್ಟು ಅಂತ ತೀರ್ಮಾನಿಸುವ ಮೊದಲು ಈ ಚೀಟಿ ಕೈಯಲ್ಲಿರಬೇಕು.

ಹಾಗೆಯೇ ಹಿಂಬದಿಯ ಹಲಗೆ, ಇಂಜಿನ್ ಕೂರುವ ಜಾಗ. ಅದರ ಒಳಗೆ ಪ್ಲೈವುಡ್ ಇರ್ತದೆ. ಸ್ಕ್ರೂಡ್ರೈವರಿನ ಹಿಡಿಯಿಂದ ಮೇಲಿಂದ ಕೆಳಗೆ ಬಡಿಯುತ್ತಾ ಬನ್ನಿ. ಠಣ್ ಅಂತ ಗಟ್ಟಿ ಶಬ್ದ ಬಂದರೆ ಸರಿ. ಎಲ್ಲಿ ದಬ್ ಅಂತ ಸತ್ತ ಶಬ್ದ ಬರ್ತದೋ ಅಲ್ಲಿ ಮರ ಕೊಳೆತಿದೆ. ಈಗ ಹಳೆ 40 ಅದರ ಮೇಲೇ ಕೂತಿದೆಯಲ್ಲ, ಅದರ ಕಾಲು ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ ನೋಡಿ. ಇಂಜಿನ್ ಜೊತೆ ಹಲಗೆಯೂ ಉಸಿರಾಡಿದರೆ ಮೊದಲು ಅದರ ಕೆಲಸ ಆಗಬೇಕು.

ಹಲಗೆಯ ಎತ್ತರವನ್ನೂ ಅಳೆಯಿರಿ. 15 ಇಂಚು ಆದರೆ ಶಾರ್ಟ್ ಶಾಫ್ಟ್, 20 ಇಂಚು ಆದರೆ ಲಾಂಗ್ ಶಾಫ್ಟ್. ಪ್ರೊಪೆಲ್ಲರಿನ ಮೇಲಿರುವ ಚಪ್ಪಟೆ ರೆಕ್ಕೆ ದೋಣಿಯ ತಳದ ಸಮಕ್ಕೆ, ಇಲ್ಲವೇ ಒಂದಿಂಚು ಕೆಳಗೆ ಇರಬೇಕು. ಮೇಲಾದರೆ ಪ್ರೊಪೆಲ್ಲರ್ ಗಾಳಿ ಎಳೆದು ಸುಮ್ಮನೆ ತಿರುಗ್ತದೆ. ತೀರಾ ಕೆಳಗಾದರೆ ಆ ಕಾಲನ್ನು ನೀರಿನಲ್ಲಿ ಎಳೆಯುವುದೇ ಒಂದು ಕೆಲಸ, ಪೆಟ್ರೋಲ್ ಅಲ್ಲಿ ಹೋಗ್ತದೆ.

ಸೆಕೆಂಡ್‌ಹ್ಯಾಂಡ್ ಇಂಜಿನ್ ನೋಡುವಾಗ ಮೊದಲು ಗೇರ್ ಆಯಿಲ್ ಸ್ಕ್ರೂ ಸಡಿಲಿಸಿ ಎರಡು ಹನಿ ಬೆರಳಿಗೆ ತಗೊಳ್ಳಿ. ಹಾಲಿನ ಬಣ್ಣ ಇದ್ದರೆ ಸೀಲ್ ಹೋಗಿ ನೀರು ಸೇರಿದೆ. ಆಮೇಲೆ ಕಂಪ್ರೆಶನ್, ಅಂದರೆ ಸಿಲಿಂಡರಿನ ಒಳಗಿನ ಒತ್ತಡ, ಎರಡು ಸಿಲಿಂಡರಿನದ್ದೂ ಹತ್ತಿರ ಹತ್ತಿರ ಇರಬೇಕು. ಸ್ಟಾರ್ಟ್ ಮಾಡಿದ ಕೂಡಲೆ ಬದಿಯಿಂದ ನೀರಿನ ಧಾರೆ ಬರ್ತದಾ ನೋಡಿ. ಧಾರೆ ಸಣ್ಣಗಾದರೆ ನೀರೆಳೆಯುವ ಇಂಪೆಲ್ಲರ್ ಸವೆದಿರ್ತದೆ, ಇಲ್ಲವೇ ದಾರಿಯಲ್ಲಿ ಉಪ್ಪು ಕಟ್ಟಿರ್ತದೆ. ಟೂಸ್ಟ್ರೋಕ್ ಅಗ್ಗಕ್ಕೆ ಸಿಗ್ತದೆ ಅಂತ ಆಸೆಪಡಬೇಡಿ. ಕಾರ್ಬ್ಯುರೇಟರ್ ಇರುವ ಟೂಸ್ಟ್ರೋಕಿನಲ್ಲಿ ಕಾಲು ಭಾಗದವರೆಗೂ ಪೆಟ್ರೋಲ್ ಉರಿಯದೆ ಹೊಗೆಯ ಜೊತೆ ಹೊರಗೆ ಹೋಗ್ತದೆ, ಮೇಲೆ 50:1ರ ಲೆಕ್ಕದಲ್ಲಿ ಲೀಟರಿಗೆ 20 ಮಿಲಿ ಆಯಿಲ್ ಖರ್ಚು.

ಬೇಡಡ್ಕ ತೋಟ

ಈಗ ಪಂಪಿನಲ್ಲಿ ಸಿಗುವ ಇ20 ಪೆಟ್ರೋಲಿನ ಬಗ್ಗೆಯೂ ಹೇಳಿ ಅಣ್ಣ. ನನ್ನ ಔಷಧಿ ಹೊಡೆಯುವ ಪಂಪಿನ ಕಾರ್ಬ್ಯುರೇಟರ್ ಪದೇ ಪದೇ ಕಟ್ಟುತ್ತಾ ಉಂಟು.

ಮೊಗ್ರಾಲ್ ಮೆಕ್ಯಾನಿಕ್

ಒಳ್ಳೆ ನೆನಪು ಮಾಡಿದಿರಿ. ಔಟ್‌ಬೋರ್ಡ್ ಕಂಪನಿಗಳ ಕೈಪಿಡಿಗಳಲ್ಲಿ ಸಾಮಾನ್ಯವಾಗಿ ಎಥೆನಾಲ್ ಶೇ. 10ರವರೆಗೆ ಅಂತ ಬರೆದಿರ್ತದೆ. ಪಂಪಿನಲ್ಲಿ ಸಿಗುವುದು ಶೇ. 20. ಎಥೆನಾಲ್ ಗಾಳಿಯ ತೇವವನ್ನೇ ಎಳ್ಕೊಳ್ತದೆ, ನಮ್ಮ ಕರಾವಳಿಯಲ್ಲಿ ತೇವಕ್ಕೆ ಬರ ಇಲ್ಲ. ನೀರು ಒಂದು ಮಟ್ಟ ಮೀರಿದರೆ ಎಥೆನಾಲೂ ನೀರೂ ಸೇರಿ ಬೇರ್ಪಟ್ಟು ಟ್ಯಾಂಕಿನ ತಳದಲ್ಲಿ ಕೂರ್ತವೆ, ಇಂಜಿನ್ ಮೊದಲು ಎಳೆಯುವುದು ತಳದ್ದನ್ನೇ. ಹಳೆ ರಬ್ಬರ್ ಪೈಪ್ ಮೆತ್ತಗಾಗಿ ಒಳಗಿಂದ ಪುಡಿ ಬಿಡ್ತದೆ. ದೋಣಿಯಲ್ಲೇ ಕಟ್ಟಿದ ಫೈಬರ್ ಟ್ಯಾಂಕ್ ಇದ್ದರೆ ಅದನ್ನು ಬಳಸಲೇಬೇಡಿ, ಎಥೆನಾಲ್ ಹಳೆ ರೆಸಿನ್ ಕರಗಿಸ್ತದೆ.

ಹಾಗಾಗಿ ಹೊರಗಿಡುವ ಪ್ಲಾಸ್ಟಿಕ್ ಟ್ಯಾಂಕ್, ಹೊಸ ಪೈಪ್, ನಡುವೆ ನೀರು ಬೇರ್ಪಡಿಸುವ 10 ಮೈಕ್ರಾನ್ ಫಿಲ್ಟರ್. ಒಂದು ವಾರಕ್ಕೆ ಬೇಕಾದಷ್ಟೇ ಪೆಟ್ರೋಲ್ ತನ್ನಿ. ಕಾರ್ಬ್ಯುರೇಟರ್ ಇಂಜಿನ್ ಆದರೆ ದಡಕ್ಕೆ ಬಂದ ಮೇಲೆ ಪೈಪ್ ಕಳಚಿ, ಒಳಗಿದ್ದದ್ದು ಮುಗಿದು ತಾನೇ ನಿಲ್ಲುವ ತನಕ ಓಡಿಸಿ, ಆಗಲೂ ತಣಿಸುವ ನೀರು ಬರ್ತಾ ಇರಬೇಕು. ಎಥೆನಾಲಿನ ಶಕ್ತಿ ಪೆಟ್ರೋಲಿನ ಮೂರರಲ್ಲಿ ಎರಡು ಭಾಗ. ಹಾಗಾಗಿ ಇ20ರಲ್ಲಿ ಲೀಟರಿಗೆ ಶೇ. 6–7ರಷ್ಟು ಮೈಲೇಜ್ ಹೋಗುವುದನ್ನು ಲೆಕ್ಕಕ್ಕೆ ಸೇರಿಸಿಯೇ ಬಿಡಿ.

ಚಂದ್ರಗಿರಿ ಹೊಳೆಯಲ್ಲಿ ಬಾವಿಕ್ಕರದ ತಡೆಗೋಡೆಯಿಂದ ಕೆಳಗೆ ಬೇಸಿಗೆಯಲ್ಲಿ ಉಪ್ಪುನೀರೇ. ಪ್ರತಿ ಸಲ ಬಂದ ಮೇಲೆ ಬಾವಿ ನೀರು ಕೊಟ್ಟು ಹತ್ತು ನಿಮಿಷ ಇಂಜಿನ್ ತೊಳೆಯಬೇಕು. ಇಂಜಿನಿನ ಲೋಹವನ್ನು ಉಪ್ಪುನೀರು ತಿನ್ನದ ಹಾಗೆ ಕೂರಿಸಿದ ಸತುವಿನ ತುಂಡು ಅರ್ಧ ಸವೆದಾಗಲೇ ಬದಲಿಸಿ.

ನೀಲೇಶ್ವರ ಜೆಟ್ಟಿ

ನಾನು ಮದುವೆಯಾಗಿ ಬಂದದ್ದು ಚೆರುವತ್ತೂರು ಕಡೆಗೆ. ನಮ್ಮಲ್ಲಿ 18 ಅಡಿ ದೋಣಿಗೆ 9.9 ಫೋರ್‌ಸ್ಟ್ರೋಕ್ ಉಂಟು, ಕವ್ವಾಯಿ ಹಿನ್ನೀರಿನಲ್ಲಿ ವಲಿಯಪರಂಬದ ತನಕ ಅದರಲ್ಲೇ ಹೋಗುವುದು. ಆರು ಜನ ಕೂತರೂ ಶಕ್ತಿ ಸಾಲಲಿಲ್ಲ ಅಂತ ಆದದ್ದಿಲ್ಲ. ಮಧ್ಯಾಹ್ನದ ಮೇಲೆ ಕಡಲಗಾಳಿ ಎದ್ದಾಗ ಮಾತ್ರ ನಿಧಾನ ಆಗ್ತದೆ. ಅದಕ್ಕೆ ನಾವು ಬೆಳಿಗ್ಗೆ ಬೇಗ ಹೊರಟು ಊಟದ ಮೊದಲು ಬಂದುಬಿಡ್ತೇವೆ.

ವೇಗದ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. ಪಡನ್ನ, ಚೆರುವತ್ತೂರು ಕಡೆ ಹಿನ್ನೀರಿನಲ್ಲಿ ಬಿದಿರಿನ ಚಪ್ಪರ ನಿಲ್ಲಿಸಿ ಹಗ್ಗ ಇಳಿಬಿಟ್ಟು ಪಚ್ಚಿಲೆ (ತಿನ್ನುವ ಚಿಪ್ಪು) ಬೆಳೆಸ್ತಾರೆ. ಹೆಂಗಸರ ಸಂಘದವರ ಎಷ್ಟೋ ತಿಂಗಳ ದುಡಿಮೆ ಆ ಹಗ್ಗಗಳಲ್ಲಿ ಇರ್ತದೆ. ಮೂತಿ ಎತ್ತಿಕೊಂಡು ಅರ್ಧ ವೇಗದಲ್ಲಿ ಹೋಗುವ ದೋಣಿಯ ಅಲೆ ಬಡಿದರೆ ಹಗ್ಗ ಹೊಯ್ದಾಡಿ ಎಳೆಯ ಪಚ್ಚಿಲೆ ಉದುರಿ ಬೀಳ್ತದೆ. ಪೆಟ್ರೋಲ್ ಹೆಚ್ಚು ಉರಿಯುವ ವೇಗವೇ ದಡಕ್ಕೂ ಹೆಚ್ಚು ಪೆಟ್ಟು ಕೊಡುವ ವೇಗ. ರಜೆಯಲ್ಲಿ ಈ ಕಡೆ ಬಂದರೆ ದಯವಿಟ್ಟು ಚಪ್ಪರಗಳ ಹತ್ತಿರ ಎಕ್ಸಲರೇಟರ್ ಇಳಿಸಿ. ದೋಣಿ ತಂದರೆ ನಮ್ಮ ಮನೆಗೂ ಬನ್ನಿ, ಅಮ್ಮನನ್ನೂ ಕರ್ಕೊಂಡು ಬನ್ನಿ.

ಬೇಡಡ್ಕ ತೋಟ

ನಿಧಾನಕ್ಕೇ ಹೋಗುವುದಾದರೆ ಬ್ಯಾಟರಿ ಮೋಟರ್ ಆಗದಾ? ವೈಕಂ ಕಡೆ ಸರಕಾರದ ಸೋಲಾರ್ ದೋಣಿ ‘ಆದಿತ್ಯ’ 2017ರಿಂದ 75 ಜನರನ್ನು ಹೊತ್ತು ಓಡ್ತಾ ಉಂಟಲ್ಲ.

ಪಯಸ್ವಿನಿ ಬೋಟ್‌ಶೆಡ್

ಅದು ಹಗುರಕ್ಕೆ, ಉದ್ದಕ್ಕೆ, ನೀರನ್ನು ಕೊಯ್ದು ಹೋಗಲಿಕ್ಕೆಂದೇ ಕಟ್ಟಿದ ಜೋಡಿ ಒಡಲಿನ ದೋಣಿ, ಮೇಲೆಲ್ಲ ಪ್ಯಾನೆಲ್. ಇವರ ದೋಣಿ ಹಾಗಿಲ್ಲ. ಗಂಟೆಗೆ 9–10 ಕಿಲೋಮೀಟರಿಗೆ 3 ಕಿಲೋವ್ಯಾಟ್ ಬೇಕು, 5 ಯೂನಿಟ್ ಬ್ಯಾಟರಿ ಒಂದೂವರೆ ಗಂಟೆಯಲ್ಲಿ ಖಾಲಿ. ಆದರೆ 7 ಕಿಲೋಮೀಟರಿಗೆ ಇಳಿದರೆ ಅದರ ಅರ್ಧಕ್ಕಿಂತ ಕಡಿಮೆ ಸಾಕು, ಯಾಕೆಂದರೆ ಈ ವೇಗಗಳಲ್ಲಿ ಬೇಕಾದ ಶಕ್ತಿ ವೇಗದ ಘನಕ್ಕೆ ಸರಿಯಾಗಿ ಏರ್ತದೆ, ಇಳೀತದೆ. ಆಗ ಅದೇ ಬ್ಯಾಟರಿ ಮೂರು ಗಂಟೆ ದಾಟಿಸ್ತದೆ. ತಿಂಗಳಿಗೆ ನಾಲ್ಕೈದು ಸಲ ಇಳಿಯುವ ದೋಣಿಗೆ ಅಷ್ಟು ಬಂಡವಾಳ ಹಿಂದೆ ಬರಲಿಕ್ಕಿಲ್ಲ. ದಿನಾ ಕಡವು ದಾಟಿಸುವವರಿಗೆ ಮಾತ್ರ ಖಂಡಿತ ಆಗಬಹುದು.

ಹೊಸಬೆಟ್ಟು ಕಡಲು

ಹೊಳೆಗೆ ಸಣ್ಣ ಇಂಜಿನ್ ಸಾಕು ಅನ್ನುವುದನ್ನು ಒಪ್ಪಿದೆ. ಆದರೆ ಅಳಿವೆಯ ಮಾತು ಬಿಡುವುದಿಲ್ಲ. ಈ ದೋಣಿ ಹೆಚ್ಚೆಂದರೆ 5.3 ನಾಟ್ ಹೋದೀತು ಅಂತ ಬೋಟ್‌ಶೆಡ್‌ನವರೇ ಲೆಕ್ಕ ಕೊಟ್ಟಿದ್ದಾರೆ. ಅಳಿವೆ ಬಾಯಿಯಲ್ಲಿ ಇಳಿತದ ನೀರು ಮೂರು ನಾಟ್ ಎಳೆದರೆ ಕೈಗೆ ಉಳಿಯುವುದು ಎರಡು ಚಿಲ್ಲರೆ. ಮಳೆ ಬಂದು ಹೊಳೆ ಕೆಂಪಾದಾಗ ಅದೂ ಇಲ್ಲ. ಅಲ್ಲಿ ಇಂಜಿನ್ ನಿಂತರೆ ನೀರು ನಿಮ್ಮನ್ನು ಕರ್ಕೊಂಡು ಹೋಗುವುದು ಮರಳದಿಣ್ಣೆಯ ಮೇಲೆ ಒಡೆಯುವ ತೆರೆಗಳ ನಡುವೆಗೆ.

ಆದ್ದರಿಂದ ಕೀಳೂರು ಕಡೆ ಹೋಗುವ ದಿನ ಉಬ್ಬರ ಇಳಿತದ ಪಟ್ಟಿ ನೋಡಿ. ಇಳಿತದ ಕೊನೆಗೆ ಕೆಳಗೆ ಹೋಗಿ, ಉಬ್ಬರ ಹತ್ತುವಾಗ ಅದರ ಜೊತೆ ಮೇಲೆ ಬನ್ನಿ. ಎರಡೂ ದಿಕ್ಕಿನಲ್ಲಿ ನೀರೇ ತಳ್ಳಿಕೊಡ್ತದೆ, ಪೆಟ್ರೋಲೂ ಉಳೀತದೆ. ಅಳಿವೆ ಬಾಯಿಗೆ ಮಾತ್ರ ಹೋಗಬೇಡಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಆ ಕಡೆಗೆ ಮುಖವನ್ನೇ ಹಾಕಬೇಡಿ. ಉದ್ದ ಹಗ್ಗದ ಲಂಗರು ಮತ್ತು ಎರಡು ಹುಟ್ಟು ಯಾವಾಗಲೂ ದೋಣಿಯಲ್ಲಿರಲಿ.

ಲೈಫ್ ಜಾಕೆಟ್ ಬೆಂಚಿನ ಕೆಳಗೆ ಇಟ್ಟರೆ ಪ್ರಯೋಜನ ಇಲ್ಲ, ಮೈ ಮೇಲೆ ಇರಬೇಕು, ಮಕ್ಕಳಿಗೆ ಅವರ ಅಳತೆಯದ್ದೇ. ಮಲಪ್ಪುರಂ ಜಿಲ್ಲೆಯ ತಾನೂರಿನಲ್ಲಿ 2023ರ ಮೇ 7ರಂದು ದೋಣಿ ಮಗುಚಿ 22 ಜನ ಹೋದರು. ಮೀನುಗಾರಿಕೆಯ ದೋಣಿಯನ್ನು ಪ್ರವಾಸಕ್ಕೆ ಬದಲಿಸಿದ್ದು, ಮೇಲಿಂದ ಹಿಡಿಸುವುದಕ್ಕಿಂತ ಜಾಸ್ತಿ ಜನ. ನೆಂಟರು ಬಂದಾಗ ಒಬ್ಬರು ಕೂತ್ಕೊಳ್ಳಿ, ಪರವಾಗಿಲ್ಲ ಅಂತ ಹೇಳುವ ಅಭ್ಯಾಸ ನಮ್ಮಲ್ಲಿ ಉಂಟು. ದೋಣಿಯಲ್ಲಿ ಅದು ಬೇಡ.

ಪಯಸ್ವಿನಿ ಬೋಟ್‌ಶೆಡ್

ಅಣ್ಣ ಹೇಳಿದ್ದಕ್ಕೆ ನನ್ನದೂ ಒಪ್ಪಿಗೆ. ಎಷ್ಟು ಜನ ಅನ್ನುವುದಕ್ಕೆ ಅಂದಾಜು ಬೇಕಾದರೆ ಉದ್ದ, ಅಗಲ ಅಡಿಯಲ್ಲಿ ಗುಣಿಸಿ 15ರಿಂದ ಭಾಗಿಸಿ. 17 ಗುಣಿಸು 6, ಭಾಗಿಸು 15, ಆರು ಜನ. ಶಾಂತ ನೀರಿಗೆ ಅಷ್ಟು, ಅದಕ್ಕಿಂತ ಮೇಲಿಲ್ಲ.

ಕಾಗದದ ಕೆಲಸವನ್ನೂ ಬಿಡಬೇಡಿ. ಇಂಜಿನ್ ಇರುವ ದೋಣಿಗೆ ಒಳನಾಡು ಜಲಯಾನದ 2021ರ ಕಾಯ್ದೆ ಅನ್ವಯ ಆಗ್ತದೆ, ಕೇರಳದಲ್ಲಿ ಮಾರಿಟೈಮ್ ಬೋರ್ಡಿನ ಬಂದರು ಕಚೇರಿಯಲ್ಲಿ ವಿಚಾರಿಸಿ. ಹಳೆ ಪತ್ರದಲ್ಲಿ 40 ಅಂತ ಇದ್ದರೆ ಇಂಜಿನ್ ಬದಲಿಸಿದ್ದನ್ನು ಹೆಸರು ಬದಲಾವಣೆಯ ಜೊತೆಗೇ ಬರೆಸಿಬಿಡಿ.

ಚಂದ್ರಗಿರಿ ದಡ

ವೇ ಬ್ರಿಡ್ಜ್ ಚೀಟಿ ಬಂತು. ಹಳೆ ಇಂಜಿನ್ ಕಳಚಿ, ಒಳಗಿನ ಸಾಮಾನೆಲ್ಲ ತೆಗೆದು ತೂಕ ಮಾಡಿಸಿದ್ದು. 470 ಕೆಜಿ! ಕಾಗದಕ್ಕಿಂತ 90 ಕೆಜಿ ಜಾಸ್ತಿ. ಮೆಕ್ಯಾನಿಕ್ ಅಣ್ಣ ಹೇಳಿದ ಹಾಗೆ ಹಾಸಿನ ಮೂಲೆಯಲ್ಲಿ ಒಂದು ಚೌಕ ಕತ್ತರಿಸಿ ನೋಡಿದೆವು. ಫೋಮ್ ಕಂದು ಬಣ್ಣಕ್ಕೆ ತಿರುಗಿದೆ, ಹಿಂಡಿದರೆ ಅಂಗೈಯಿಂದ ನೀರು ಸುರೀತದೆ. ಹಿಂಬದಿ ಹಲಗೆ ಗಟ್ಟಿ ಉಂಟು, ಎತ್ತರ 20 ಇಂಚು.

ಮೊಗ್ರಾಲ್ ಮೆಕ್ಯಾನಿಕ್

ನೋಡಿದಿರಾ? ಈ ತೂಕದಲ್ಲಿ 40 ಹಾಕಿದ್ದರೂ ಐದು ಜನ ಕೂತಾಗ ಸಲೀಸಾಗಿ ಏಳುತ್ತಿರಲಿಲ್ಲ. ಆಗ ಎಲ್ಲರೂ ಇಂಜಿನ್ ಸಾಲದು, 50 ಹಾಕಿ ಅಂತ ಹೇಳುತ್ತಿದ್ದರು. ಆ ಫೋಮ್ ಎಲ್ಲ ತೆಗೆಯಿರಿ. ಮಳೆ ಬೀಳದ ಕಡೆ ದೋಣಿಯನ್ನು ಮೂತಿ ಎತ್ತಿ ಇಟ್ಟು ಒಳಗೆ ಫ್ಯಾನ್ ತಿರುಗಿಸಿ ಒಣಗಿಸಿ. ಮತ್ತೆ ನೀರು ಹೀರದ ಜಾತಿಯ ಫೋಮನ್ನೇ ಹಾಕಬೇಕು. ಹಾಕದೆ ಹಾಗೇ ಮುಚ್ಚಬೇಡಿ, ದೋಣಿಗೆ ನೀರು ತುಂಬಿದ ದಿನ ತೇಲಿಸುವುದು ಅದೇ.

ಪಯಸ್ವಿನಿ ಬೋಟ್‌ಶೆಡ್

ಹಲಗೆ 20 ಇಂಚು ಅಂದರೆ ಲಾಂಗ್ ಶಾಫ್ಟ್ ಹುಡುಕಿ. 9.9ರಲ್ಲಿ ಭಾರ ಎಳೆಯಲಿಕ್ಕೆಂದೇ ಗೇರ್ ಅನುಪಾತ 2.9 ಹತ್ತಿರ ಇರುವ ಮಾದರಿಗಳು ಬರ್ತವೆ, ದೊಡ್ಡ ಪ್ರೊಪೆಲ್ಲರ್ ನಿಧಾನಕ್ಕೆ ತಿರುಗ್ತದೆ. ಸಿಕ್ಕಿದರೆ ನಿಮ್ಮ ದೋಣಿಗೆ ಅದು ಹೇಳಿ ಮಾಡಿಸಿದ್ದು. ಸಿಗದಿದ್ದರೆ ಮಾಮೂಲಿ 9.9 ಅಥವಾ 15 ತಗೊಂಡು ಪಿಚ್ (ಒಂದು ಸುತ್ತಿಗೆ ಮುಂದೆ ತಳ್ಳುವ ದೂರ) ಕಡಿಮೆ ಇರುವ ಪ್ರೊಪೆಲ್ಲರ್ ಹಾಕಿಸಿ. ಅಂಗಡಿಯಿಂದ ಬರುವ ಪ್ರೊಪೆಲ್ಲರ್ ಹಗುರ ದೋಣಿಗೆ ಹೊಂದುವಂಥದ್ದು. ಎಲ್ಲರನ್ನೂ ಕೂರಿಸಿ ಪೂರ್ತಿ ಬಿಟ್ಟಾಗ ಇಂಜಿನ್ ನಿಮಿಷಕ್ಕೆ 5,000 ಸುತ್ತು ಮುಟ್ಟದಿದ್ದರೆ ಅದು ಉಸಿರು ಕಟ್ಟಿ ದುಡೀತಾ ಇದೆ ಅಂತ ಅರ್ಥ. ಪಿಚ್ ಒಂದಿಂಚು ಇಳಿಸಿದರೆ ಸುಮಾರು 200 ಸುತ್ತು ಏರ್ತದೆ.

ಚಂದ್ರಗಿರಿ ದಡ

ಎಲ್ಲರಿಗೂ ವರದಿ ಒಪ್ಪಿಸಲಿಕ್ಕೆ ಬಂದೆ. ಫೋಮ್ ಬದಲಿಸಿದ ಮೇಲೆ ತೂಕ 390ಕ್ಕೆ ಬಂತು. ಮೆಕ್ಯಾನಿಕ್ ಅಣ್ಣನೇ ಬಂದು ನೋಡಿ ಒಪ್ಪಿದ ಸೆಕೆಂಡ್‌ಹ್ಯಾಂಡ್ 9.9 ಫೋರ್‌ಸ್ಟ್ರೋಕ್ ಲಾಂಗ್ ಶಾಫ್ಟ್ ಹಾಕಿಸಿದೆ. ಭಾನುವಾರ ಮನೆಯವರೆಲ್ಲ ಕೂತು ಪರೀಕ್ಷೆ ಮಾಡಿದೆವು. ಟ್ಯಾಂಕಿನ ಪೈಪ್ ಕಳಚಿ, ಒಂದು ಲೀಟರ್ ಅಳತೆ ಹಾಕಿದ ಸಣ್ಣ ಕ್ಯಾನಿಗೆ ಕೊಟ್ಟೆ. ಮೊಬೈಲಿನ ಜಿಪಿಎಸ್ ಮಗಳ ಕೈಯಲ್ಲಿ. ಅರ್ಧ ದೂರ ನೀರಿನ ಜೊತೆ, ಅರ್ಧ ದೂರ ನೀರಿಗೆ ಎದುರು, ಎರಡರ ಸರಾಸರಿ ತೆಗೆದದ್ದು.

ಅರ್ಧ ಎಕ್ಸಲರೇಟರಿಗೆ ಸ್ವಲ್ಪ ಮೇಲೆ ಇಟ್ಟಾಗ ಗಂಟೆಗೆ ಎಂಟೂವರೆ ಕಿಲೋಮೀಟರ್, ಒಂದು ಲೀಟರ್ ನಲವತ್ತು ನಿಮಿಷ ಬಂತು. ಪೂರ್ತಿ ಬಿಟ್ಟಾಗ ಹತ್ತು ಕಿಲೋಮೀಟರ್, ಆದರೆ ಲೀಟರ್ ಹದಿನೆಂಟು ನಿಮಿಷಕ್ಕೇ ಮುಗೀತು. ಗಂಟೆಗೆ ಒಂದೂವರೆ ಕಿಲೋಮೀಟರ್ ಹೆಚ್ಚು ಹೋಗಲಿಕ್ಕೆ ಎರಡು ಪಟ್ಟಿಗಿಂತ ಜಾಸ್ತಿ ಪೆಟ್ರೋಲ್. ಮಾತಾಡಿದರೆ ಕೇಳುವಷ್ಟು ಶಬ್ದ ಕಡಿಮೆ ಅಂತ ಅಮ್ಮನಿಗೆ ಖುಷಿ.

ಪೂರ್ತಿ ಬಿಟ್ಟಾಗ 4,600 ಸುತ್ತು ಮಾತ್ರ ತೋರಿಸ್ತದೆ. ಈಗ ಇರುವುದು 9 ಇಂಚು ಪಿಚ್.

ಪಯಸ್ವಿನಿ ಬೋಟ್‌ಶೆಡ್

7 ಇಂಚಿಗೆ ಇಳಿಸಿ, 5,000ಕ್ಕೆ ಬರ್ತದೆ. ಹಳೆಯದನ್ನು ಮಾರಬೇಡಿ, ದೋಣಿಯಲ್ಲೇ ಇರಲಿ, ಕಲ್ಲಿಗೆ ತಾಗಿ ಎಲೆ ಮುರಿದ ದಿನ ಅದನ್ನೇ ಹಾಕಿ ಮನೆಗೆ ಬರಬಹುದು. ಜೊತೆಗೆ ಒಂದು ಸ್ಪಾನರ್, ಎರಡು ಸ್ಪ್ಲಿಟ್ ಪಿನ್ ಕೂಡ.

ಹೊಸಬೆಟ್ಟು ಕಡಲು

ಮತ್ತೆ ಲಂಗರಿಗೆ ಹಗ್ಗ ಎಷ್ಟು ಉದ್ದ ಹಾಕಿದಿರಿ?

ಚಂದ್ರಗಿರಿ ದಡ

ಈಗ ಹದಿನೈದು ಮೀಟರ್ ಉಂಟು ಅಣ್ಣ.

ಹೊಸಬೆಟ್ಟು ಕಡಲು

ಸಾಲದು. ಮೂವತ್ತು ಮಾಡಿ, ತುದಿಗೆ ಎರಡು ಮೀಟರ್ ಸರಪಳಿ ಕಟ್ಟಿ.